ನಿಮ್ಮ ಹೊಲ, ನಿಮ್ಮ ಪ್ರಶ್ನೆ: ತೊಗರಿಯ ನೆಟೆಯಿಂದ ಪಹಣಿಯ ಹೆಸರಿನ ತನಕ

ವಿಶ್ವಸಂಸ್ಥೆ 2026ನ್ನು ರೈತ ಮಹಿಳೆಯರ ಅಂತಾರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಹಾಗಾಗಿ ಈ ಸಂಚಿಕೆಯಲ್ಲಿ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ರೈತ ಮಹಿಳೆಯರ ಪತ್ರಗಳನ್ನಷ್ಟೇ ಎತ್ತಿಕೊಂಡಿದ್ದೇವೆ. ಕೇಳಿದವರ ಹೆಸರು ಬಿಟ್ಟು ತಾಲ್ಲೂಕು ಮಾತ್ರ ಕೊಟ್ಟಿದ್ದೇವೆ. ಅವರ ಮಾತನ್ನು ತಿದ್ದಿಲ್ಲ.

ಮೂರು ವರ್ಷ ಆಯ್ತು, ನಮ್ಮ ಎರಿ ಹೊಲದಾಗ ತೊಗರಿ ಹೂ ಬಿಡೂ ಹೊತ್ತಿಗಿ ಒಣಗಿ ನಿಲ್ಲತದ. ಅಂಗಡಿಯವರು ಕೊಟ್ಟ ಔಷಧ ಹೊಡದರೂ ನಿಂದರಲಿಲ್ಲ. ಏನು ಮಾಡಬೇಕ್ರಿ? (ಜೇವರ್ಗಿ ತಾಲ್ಲೂಕು)

ಮೊದಲು ರೋಗ ಯಾವುದೆಂದು ಗುರುತಿಸಿಕೊಳ್ಳಿ. ಒಣಗಿದ ಗಿಡ ಕಿತ್ತು, ಕಾಂಡವನ್ನು ಬುಡದಿಂದ ಉದ್ದಕ್ಕೆ ಸೀಳಿ ನೋಡಿ. ತೊಗಟೆಯ ಕೆಳಗೆ ಕಂದುಗಪ್ಪು ಗೆರೆ ಮೇಲಕ್ಕೆ ಏರಿದ್ದರೆ ಅದು ನೆಟೆ ರೋಗ, ಫ್ಯುಸೇರಿಯಂ ಶಿಲೀಂಧ್ರದಿಂದ ಬರುವಂಥದ್ದು. ಹೊರಗೂ ಬುಡದಿಂದ ನೇರಳೆ ಬಣ್ಣದ ಪಟ್ಟಿ ಎದ್ದಿರಬಹುದು. ಒಳಗೆ ಗೆರೆಯಿಲ್ಲದೆ ಬೇರಿನ ತೊಗಟೆ ಚೂರಾಗಿ ಉದುರಿದರೆ, ಅದೂ ಮಳೆ ನಿಂತು ಬಿಸಿಲೇರಿದ ಮೇಲೆ ಒಣಗಿದ್ದರೆ, ಒಣ ಬೇರು ಕೊಳೆ. ನೀರು ನಿಂತ ತಗ್ಗಿನಲ್ಲಿ ಎಳೆ ಗಿಡದ ಕಾಂಡಕ್ಕೆ ಕಂದು ಗಾಯವಾಗಿ ಗಾಳಿಗೆ ಅಲ್ಲಿಯೇ ಮುರಿದರೆ ಫೈಟಾಪ್ತೊರಾ ಎಂಬ ಕಾಂಡ ಕೊಳೆ ರೋಗ. ಗಿಡ ಸಾಯದೆ, ಸಣ್ಣೆಲೆ ಬಿಟ್ಟು ಪೊದೆಯಾಗಿ ನಿಂತು ಹೂವೇ ಬಿಡದಿದ್ದರೆ ಗೊಡ್ಡು ರೋಗ. ಅದನ್ನು ಹರಡುವುದು ಬರಿಗಣ್ಣಿಗೆ ಕಾಣದ ನುಸಿ.

ನೀವು ಬರೆದದ್ದನ್ನು ನೋಡಿದರೆ ನೆಟೆಯೇ ಇರಬೇಕು. ಅದರ ಶಿಲೀಂಧ್ರ ಮಣ್ಣಿನಲ್ಲಿ, ಹಿಂದಿನ ಬೆಳೆಯ ಕೂಳೆಯಲ್ಲಿ ಮೂರು ವರ್ಷದವರೆಗೂ ಬದುಕಿರುತ್ತದೆ. ಎಳೆ ಬೇರಿನಿಂದ ಒಳಹೊಕ್ಕು ನೀರೇರುವ ನಾಳಗಳನ್ನು ಕಟ್ಟಿಬಿಡುತ್ತದೆ. ಗಿಡ ಬಾಡುವುದು ಹೂವಿನ ಕಾಲಕ್ಕೆ ಕಂಡರೂ ರೋಗ ಸೇರಿದ್ದು ತಿಂಗಳುಗಳ ಹಿಂದೆ. ಆದ್ದರಿಂದ ಎಲೆಯ ಮೇಲೆ ಹೊಡೆದ ಔಷಧದಿಂದ ಪ್ರಯೋಜನವಿಲ್ಲ. ಆ ಹಣ ಉಳಿಸಿ. ಮಾಡಬೇಕಾದದ್ದೆಲ್ಲ ಬಿತ್ತನೆಗೆ ಮೊದಲೇ ಇದೆ.

ಬಿತ್ತನೆಗೆ ಹದಿನೈದು ದಿನ ಮುಂಚೆ ಎಕರೆಗೆ 2 ಕೆ.ಜಿ. ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಪುಡಿಯನ್ನು 100 ಕೆ.ಜಿ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರಕ್ಕೆ ಬೆರೆಸಿ ನೆರಳಲ್ಲಿ ಗುಡ್ಡೆ ಹಾಕಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಅಷ್ಟು ತೇವವಿಟ್ಟು ಗೋಣಿತಟ್ಟು ಮುಚ್ಚಿ. ನಾಲ್ಕು ದಿನಕ್ಕೊಮ್ಮೆ ತಿರುವಿ. ಬಿಳಿ, ಆಮೇಲೆ ಹಸಿರು ಬೂಷ್ಟು ಬಂದರೆ ಗೊಬ್ಬರ ಸಿದ್ಧ. ಬಿತ್ತುವಾಗ ಸಾಲಿಗೆ ಬೀಳಿಸಿ. ಕೆಡುವುದು ಎರಡು ಕಾರಣಕ್ಕೆ: ಹಸಿ ಸಗಣಿಯ ಕಾವಿಗೆ ಟ್ರೈಕೋಡರ್ಮಾ ಸಾಯುತ್ತದೆ; ಪೊಟ್ಟಣದ ಅವಧಿ ಮುಗಿದಿದ್ದರೆ ಅದರಲ್ಲಿ ಜೀವವೇ ಇರುವುದಿಲ್ಲ. ಕೊಳ್ಳುವಾಗ ದಿನಾಂಕ ಓದಿಸಿಕೊಳ್ಳಿ.

ಬೀಜಕ್ಕೂ ಕೆ.ಜಿ.ಗೆ 4 ಗ್ರಾಂ ಟ್ರೈಕೋಡರ್ಮಾವನ್ನು ಬೆಲ್ಲದ ನೀರಿನ ಅಂಟಿನಲ್ಲಿ ಹಚ್ಚಿ, ನಂತರ ಬೇರಿನಲ್ಲಿ ಸಾರಜನಕ ಹಿಡಿದಿಡುವ ರೈಜೋಬಿಯಂ ಜೀವಾಣು ಗೊಬ್ಬರ ಲೇಪಿಸಿ, ನೆರಳಲ್ಲಿ ಆರಿಸಿ ಅಂದೇ ಬಿತ್ತಿ. ರಾಸಾಯನಿಕ ಶಿಲೀಂಧ್ರನಾಶಕ ಹಚ್ಚಿ ತಂದ ಬೀಜಕ್ಕೆ ಇದನ್ನು ಹಚ್ಚಿದರೆ ಎರಡೂ ವ್ಯರ್ಥ.

ತಳಿಯ ವಿಚಾರದಲ್ಲಿ ಒಂದು ಎಚ್ಚರ. ಮಾರುತಿ ಮತ್ತು ಟಿಎಸ್-3ಆರ್ ತೊಗರಿ ತಳಿಗಳು ನೆಟೆಯನ್ನು ತಡೆಯುತ್ತವೆ, ಗೊಡ್ಡು ರೋಗಕ್ಕೆ ಸಿಕ್ಕಿಬೀಳುತ್ತವೆ. ಬಿಎಸ್‌ಎಂಆರ್-736 ಎರಡನ್ನೂ ತಾಳುತ್ತದೆ. ಆದರೆ ಅದು ದೀರ್ಘಾವಧಿ ತಳಿ, ತೇವ ಹಿಡಿಯದ ತೆಳು ಮಣ್ಣಿನಲ್ಲಿ ಕಾಯಿ ತುಂಬುವ ಮೊದಲೇ ಸೊರಗುತ್ತದೆ. ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದ ಜಿಆರ್‌ಜಿ-811 ಕೂಡ ಸಿಗುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಆ ಹೊಲದಲ್ಲಿ ಎರಡು ಮೂರು ವರ್ಷ ತೊಗರಿ ಬಿಟ್ಟು ಜೋಳ ಹಾಕುವುದು. ತೊಗರಿಯ ಜೊತೆ ಜೋಳದ ಸಾಲು ಬೆರೆಸಿದರೂ ನೆಟೆ ಇಳಿಯುತ್ತದೆ. ಮನೆಯ ಜೋಳವನ್ನೇ ಬಿಟ್ಟು ವರ್ಷ ವರ್ಷ ತೊಗರಿಯ ಮೇಲೆ ತೊಗರಿ ಬಿತ್ತಿದ್ದರಿಂದಲೇ ಈ ಭಾಗದ ಮಣ್ಣಿಗೆ ನೆಟೆ ಇಷ್ಟು ಬೇರೂರಿದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಜುಲೈದಾಗ ಮಳಿನೇ ಇಲ್ಲ, ಸೆಪ್ಟೆಂಬರದಾಗ ಹೊಲ ಕೆರಿ ಆಗತದ. ಹಿಂಗಾದ್ರ ಬಿತ್ತೋದು ಹ್ಯಾಂಗ? (ಅಫಜಲಪುರ ತಾಲ್ಲೂಕು)

ಭೀಮಾ ದಂಡೆಯ ಹೊಲಗಳು 2020ರ ಅಕ್ಟೋಬರಿನಲ್ಲಿ, ಮತ್ತೆ 2025ರ ಸೆಪ್ಟೆಂಬರಿನಲ್ಲಿ ಮುಳುಗಿದ್ದನ್ನು ನೀವೇ ಕಂಡಿದ್ದೀರಿ. ನದಿ ಉಕ್ಕಿ ಬಂದ ನೀರನ್ನು ಯಾವ ಸಾಲೂ ತಡೆಯದು. ಆದರೆ ನಮ್ಮದೇ ಹೊಲದಲ್ಲಿ ಬಿದ್ದ ಮಳೆ ನಿಂತು ಬೇರು ಉಸಿರುಗಟ್ಟುವುದನ್ನು ತಪ್ಪಿಸಬಹುದು.

ಎರೆ ಮಣ್ಣು ನೀರು ಕುಡಿದ ಮೇಲೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ; ಆಮೇಲಿನ ನೀರು ಮೇಲೆಯೇ ನಿಲ್ಲುತ್ತದೆ. ಬಿತ್ತಿದ 30ರಿಂದ 40 ದಿನದೊಳಗೆ, ಎಡೆ ಹೊಡೆಯುವಾಗಲೇ, ನಾಲ್ಕು ಸಾಲಿಗೊಂದು ಹರಿ (ನೀರು ಹರಿಯುವ ಕಾಲುವೆಯಂಥ ಸಾಲು) ತೆಗೆಸಿ. ಎಡೆಕುಂಟೆಯ ದಿಂಡಿಗೆ ಹಗ್ಗ ಸುತ್ತಿ ಹೊಡೆದರೂ ಮಣ್ಣು ಎರಡು ಕಡೆ ಸರಿದು ಹರಿ ಬೀಳುತ್ತದೆ. ಮಳೆ ಕಡಿಮೆಯಾದರೆ ಆ ಹರಿಯೇ ನೀರು ಇಂಗಿಸುತ್ತದೆ, ಹೆಚ್ಚಾದರೆ ಹೊರಗೆ ಹಾಕುತ್ತದೆ. ಹರಿ ಇಳಿಜಾರಿಗೆ ಅಡ್ಡವಾಗಿ, ಸ್ವಲ್ಪವೇ ಓರೆಯಾಗಿ ಇರಬೇಕು. ನೇರ ಇಳಿಜಾರಿಗೆ ತೆಗೆದರೆ ಮಣ್ಣೂ ಕೊಚ್ಚಿಹೋಗುತ್ತದೆ. ಕೊನೆಗೆ ನೀರು ಹೋಗಲು ಬದುವಿನಲ್ಲಿ ಕಲ್ಲು ಜೋಡಿಸಿದ ಕೋಡಿ ಬೇಕು. ಬಹಳ ಕಡೆ ಹರಿ ತೆಗೆದು ಕೋಡಿ ಮರೆಯುತ್ತಾರೆ. ಆಗ ಬದುವಿನ ಮಗ್ಗುಲಿನ ಹತ್ತು ಸಾಲು ತೊಗರಿ ಸಾಯುತ್ತದೆ.

ಮಳೆ ತಡವಾದರೆ ತೊಗರಿಯನ್ನು ಆಗಸ್ಟ್ ಮೊದಲ ಪಕ್ಷದವರೆಗೂ ಬಿತ್ತಬಹುದು. ಆದರೆ ತಡವಾಗಿ ಬಿತ್ತಿದ್ದು ಎತ್ತರ ಬೆಳೆಯುವುದಿಲ್ಲ, ಟೊಂಗೆ ಕಡಿಮೆ. ಆದ್ದರಿಂದ ಸಾಲಿನ ಅಂತರ 90 ಸೆಂ.ಮೀ. ಬದಲು 60ಕ್ಕೆ ಇಳಿಸಿ, ಬೀಜ ಅರ್ಧದಷ್ಟು ಹೆಚ್ಚು ಹಾಕಿ. ಅದೂ ದಾಟಿದರೆ ಹಟ ಬೇಡ. ಹೊಲವನ್ನು ಸುಮಾರು 4.5 ಮೀಟರ್ ಚೌಕದ ಮಡಿಗಳಾಗಿ ಕಟ್ಟಿ ಬಂದಷ್ಟು ಮಳೆ ಹಿಡಿದಿಟ್ಟು, ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನೊಳಗೆ ಎಂ 35-1 ಬಿಳಿಜೋಳ, ಅಥವಾ ಅಕ್ಟೋಬರಿನಲ್ಲಿ ಕಡಲೆ ಬಿತ್ತಿ. ಜೋಳದ ಸುತ್ತ ನಾಲ್ಕು ಸಾಲು ಕುಸುಬೆಯಿದ್ದರೆ ಅದರ ಮುಳ್ಳಿಗೆ ದನ ಒಳಗೆ ಬರುವುದಿಲ್ಲ, ಮನೆಗೆ ಎಣ್ಣೆಯೂ ಆಯಿತು.

ಎರಡು ಎಕರೆ ಮಸಾರಿ ಹೊಲ ಅದ. ತೊಗರ್‍ಯಾಗ ಹೆಸರು, ಸಜ್ಜಿ ಹಾಕಬೇಕಂತ ನನಗ ಆಸೆ. ಮನ್ಯಾಗ ಗಂಡಸರು ತೊಗರಿ ಇಳುವರಿ ಕಮ್ಮಿ ಆಗತದ ಅಂತಾರ. (ಹುಮನಾಬಾದ್ ತಾಲ್ಲೂಕು)

ನಿಮ್ಮ ಆಸೆಗೆ ಗಟ್ಟಿ ಆಧಾರವಿದೆ. ತೊಗರಿ ಮೊದಲ ಎರಡು ತಿಂಗಳು ಬಹಳ ನಿಧಾನ ಬೆಳೆಯುತ್ತದೆ, 90 ಸೆಂ.ಮೀ. ಸಾಲುಗಳ ನಡುವಿನ ಜಾಗ, ಬಿಸಿಲು, ತೇವ ಅಷ್ಟು ದಿನ ಕಸದ ಪಾಲು. ಹೆಸರು 65 ದಿನಕ್ಕೆ ಕೈಗೆ ಬಂದು ಹೊಲ ಬಿಡುತ್ತದೆ. ತೊಗರಿ ಹರಡಿಕೊಳ್ಳುವುದು ಅದರ ನಂತರ.

ಒಂದು ಸಾಲು ತೊಗರಿ, ಎರಡು ಸಾಲು ಹೆಸರು, ಎಲ್ಲ ಸಾಲಿನ ನಡುವೆ 30 ಸೆಂ.ಮೀ. ಎಕರೆಗೆ ತೊಗರಿ 4ರಿಂದ 5 ಕೆ.ಜಿ., ಹೆಸರು 4 ಕೆ.ಜಿ. ಸಾಕು. ಬೀದರ್ ಕೃಷಿ ಸಂಶೋಧನಾ ಕೇಂದ್ರದ ಬಿಜಿಎಸ್-9 ಹೆಸರು ಈ ಪದ್ಧತಿಗೆ ಒಗ್ಗುತ್ತದೆ. ಉದ್ದು ಬೇಕಾದರೆ ಟಿಎಯು-1. ಬಿತ್ತನೆ ಜೂನಿನಲ್ಲೇ ಆಗಬೇಕು. ಜುಲೈ ಕೊನೆಗೆ ಬಿತ್ತಿದರೆ ಹೆಸರಿನ ಕಾಯಿ ಸೆಪ್ಟೆಂಬರ್ ಮಳೆಗೆ ಸಿಕ್ಕಿ ಗಿಡದಲ್ಲೇ ಮೊಳಕೆಯೊಡೆಯುತ್ತದೆ. ಸಜ್ಜೆಯನ್ನು ಇನ್ನೊಂದು ಎಕರೆಗೆ ಇಡಿ. ಎರಡು ಸಾಲು ಸಜ್ಜೆಗೆ ಒಂದು ಸಾಲು ತೊಗರಿ, ಸಜ್ಜೆ ದಟ್ಟವಾಗಬಾರದು, 15 ಸೆಂ.ಮೀ.ಗೊಂದು ಗಿಡ ಬಿಟ್ಟು ಉಳಿದದ್ದು ಕೀಳಿ. ಕೀಳದಿದ್ದರೆ ಸಜ್ಜೆಯ ನೆರಳಿಗೆ ತೊಗರಿ ಬಡಕಲಾಗುತ್ತದೆ. ಮನೆಯವರ ಮಾತು ನಿಜವಾಗುವುದು ಇಲ್ಲಿ ಮಾತ್ರ.

ಬಿತ್ತಿದ 45ರಿಂದ 50ನೇ ದಿನ, ನೆಲದಲ್ಲಿ ಹಸಿಯಿದ್ದಾಗ, ತೊಗರಿಯ ತುದಿಯನ್ನು ಎರಡು ಬೆರಳಗಲ ಚಿವುಟಿ. ತುದಿ ಹೋದರೆ ಪಕ್ಕದ ಟೊಂಗೆಗಳು ಒಡೆಯುತ್ತವೆ, ಹೂ ಕೂರುವ ಜಾಗ ಹೆಚ್ಚುತ್ತದೆ. ಮೊಗ್ಗು ಬಂದ ಮೇಲೆ ಚಿವುಟಿದರೆ ನಷ್ಟ. ಹತ್ತು ಸಾಲು ಚಿವುಟಿ, ಪಕ್ಕದ ಹತ್ತು ಸಾಲು ಹಾಗೇ ಬಿಟ್ಟು, ರಾಶಿ ಬೇರೆ ಬೇರೆ ಅಳೆದು ಮನೆಯವರಿಗೆ ತೋರಿಸಿ. ಲೆಕ್ಕ ಹಾಕುವಾಗ ತೊಗರಿಯೊಂದನ್ನೇ ಅಳೆಯಬೇಡಿ. ಹೆಸರು, ಸಜ್ಜೆ, ಬದುವಿನ ಪುಂಡಿ, ಅಲಸಂದಿ, ದನದ ಮೇವು, ಅಂಗಡಿಯಿಂದ ತರದೆ ಉಳಿದ ಬೇಳೆ ಎಲ್ಲವೂ ಆ ಎಕರೆಯ ಫಸಲೇ.

ಕಾಯಿಕೊರಕ ಹುಳಕ್ಕ ಬೇವಿನ ಬೀಜದ ಕಷಾಯ ಹೊಡದಿವಿ, ಏನೂ ಆಗಲಿಲ್ಲ. ಬೇವು ಬರೇ ಮಾತೇನು? (ಚಿತ್ತಾಪುರ ತಾಲ್ಲೂಕು)

ಬೇವು ಕೆಲಸ ಮಾಡುತ್ತದೆ, ಆದರೆ ಸಣ್ಣ ಹುಳದ ಮೇಲೆ. ಅದು ಹುಳವನ್ನು ತಕ್ಷಣ ಕೊಲ್ಲುವುದಿಲ್ಲ. ತಿನ್ನುವುದನ್ನು ಬಿಡಿಸುತ್ತದೆ, ಪೊರೆ ಕಳಚದಂತೆ ಮಾಡುತ್ತದೆ, ತತ್ತಿಯಿಡಲು ಬರುವ ಪತಂಗವನ್ನು ದೂರವಿಡುತ್ತದೆ. ಬೆರಳುದ್ದ ಹುಳ ಕಾಯಿಯೊಳಗೆ ತಲೆ ತೂರಿಸಿ ಕೂತ ಮೇಲೆ ಹೊಡೆದರೆ ಫಲವಿಲ್ಲ.

ತಯಾರಿಯಲ್ಲೂ ತಪ್ಪುಗಳಾಗುತ್ತವೆ. ಬೇವಿನ ಹಣ್ಣು ಉದುರುವುದು ಜೂನ್–ಜುಲೈನಲ್ಲಿ. ಆರಿಸಿದ ದಿನವೇ ಸಿಪ್ಪೆ ತಿಕ್ಕಿ ತೊಳೆದು, ನೆರಳಲ್ಲಿ ಒಣಗಿಸಿ, ಗೋಣಿಚೀಲದಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೆವರಿ ಬೂಷ್ಟು ಹಿಡಿಯುತ್ತದೆ. ಕಪ್ಪಾದ ಬೀಜದಲ್ಲಿ ಸತ್ವವಿಲ್ಲ. ಮೂರರಿಂದ ಎಂಟು ತಿಂಗಳೊಳಗಿನ ಬೀಜವೇ ಒಳ್ಳೆಯದು, ಅಂದರೆ ಈ ವರ್ಷ ಆರಿಸಿದ್ದು ಈ ವರ್ಷದ ತೊಗರಿ ಹೂವಿಗೆ ಸರಿಹೋಗುತ್ತದೆ.

100 ಲೀಟರ್‌ಗೆ 5 ಕೆ.ಜಿ. ತಿರುಳು ಬೇಕು. ಎಣ್ಣೆ ಬಿಡದಂತೆ ಮೆಲ್ಲಗೆ ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ 10 ಲೀಟರ್ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ. ಕುದಿಸಬಾರದು. ಬೆಳಿಗ್ಗೆ ಗಂಟನ್ನು ಹಿಂಡಿ, ಎರಡು ಪದರ ಬಟ್ಟೆಯಲ್ಲಿ ಸೋಸಿ, 200 ಗ್ರಾಂ ಬಟ್ಟೆ ಸೋಪನ್ನು ಕರಗಿಸಿ ಸೇರಿಸಿ, 100 ಲೀಟರ್ ಮಾಡಿ. ಸೋಪಿಲ್ಲದಿದ್ದರೆ ಹನಿ ಎಲೆಯಿಂದ ಜಾರುತ್ತದೆ. ಅಂದೇ ಸಂಜೆ ಬಿಸಿಲಿಳಿದ ಮೇಲೆ ಹೊಡೆಯಿರಿ, ಏಕೆಂದರೆ ಬೇವಿನ ಸಾರ ಬಿಸಿಲಿಗೆ ಬೇಗ ಕೆಡುತ್ತದೆ. ಹೂವಿನ ಹಂತದ ತೊಗರಿಗೆ ಎಕರೆಗೆ ಕನಿಷ್ಠ 200 ಲೀಟರ್, ಅಂದರೆ 10 ಕೆ.ಜಿ. ತಿರುಳು ಬೇಕಾಗುತ್ತದೆ. ಎರಡು ಕೆ.ಜಿ.ಯಲ್ಲಿ ಎಕರೆ ಮುಗಿಸಿದವರೇ ಬೇವನ್ನು ದೂರುವುದು ಹೆಚ್ಚು.

ಯಾವಾಗ ಹೊಡೆಯಬೇಕು? ಎಕರೆಗೆ ಎರಡು ಮೋಹಕ ಬಲೆಗಳನ್ನು (ಹೆಣ್ಣು ಪತಂಗದ ವಾಸನೆಯಿಂದ ಗಂಡು ಪತಂಗವನ್ನು ಸೆಳೆಯುವ ಬಲೆ) ಗಿಡದ ಮೇಲೆ ಒಂದಡಿ ಎತ್ತರದಲ್ಲಿ ಕಟ್ಟಿ. ಪತಂಗ ಬೀಳತೊಡಗಿದರೆ ದಿನಾ ಗಿಡ ನೋಡಿ. ಗಿಡಕ್ಕೆ ಎರಡು ತತ್ತಿ ಅಥವಾ ಒಂದು ಮರಿಹುಳ ಕಂಡರೆ ಅದೇ ಹೊತ್ತು. ಮುಂದಿನ ವಾರ ಹುಳಕ್ಕೆ ರೋಗ ತರುವ ಎನ್‌ಪಿವಿ ನಂಜಾಣುವನ್ನು ಎಕರೆಗೆ 100 ಎಲ್‌ಇ (ಪೊಟ್ಟಣದ ಮೇಲೆ ಬರೆದಿರುವ ಅದರ ಅಳತೆ) ಲೆಕ್ಕದಲ್ಲಿ ಬೆಲ್ಲದ ನೀರಿನೊಂದಿಗೆ, ಅದನ್ನೂ ಸಂಜೆಯೇ ಸಿಂಪಡಿಸಿ. ರೋಗ ತಗುಲಿದ ಹುಳ ತಲೆಕೆಳಗಾಗಿ ನೇತುಬಿದ್ದು ಸಾಯುತ್ತದೆ. ದೊಡ್ಡ ಹುಳಕ್ಕೆ ಈ ಭಾಗದ ಹೆಣ್ಣುಮಕ್ಕಳು ಮಾಡುತ್ತ ಬಂದ ಉಪಾಯವೇ ಮೇಲು: ಬೆಳಿಗ್ಗೆ ಸಾಲಿನ ಕೆಳಗೆ ತಾಡಪಾಲು ಹಾಸಿ, ಗಿಡ ಬಗ್ಗಿಸಿ ಅಲುಗಿಸಿ, ಉದುರಿದ ಹುಳ ಕೋಳಿಗೆ ಹಾಕುವುದು.

ಜೀವಾಮೃತ ಒಂದೇ ಹಾಕಿದ್ರ ಗೊಬ್ಬರ ಬೇಕಾಗಂಗಿಲ್ಲೇನು? (ಬಸವಕಲ್ಯಾಣ ತಾಲ್ಲೂಕು)

ಬೇಕಾಗುತ್ತದೆ. 10 ಕೆ.ಜಿ. ಸಗಣಿ, 5ರಿಂದ 10 ಲೀಟರ್ ಗಂಜಲ, ತಲಾ 2 ಕೆ.ಜಿ. ಬೆಲ್ಲ ಮತ್ತು ದ್ವಿದಳ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು, 200 ಲೀಟರ್ ನೀರು: ಎರಡು ದಿನ ನೆರಳಲ್ಲಿಟ್ಟು ದಿನಕ್ಕೆರಡು ಸಲ ಕಲಕಿದ ಇದು ಒಂದು ಎಕರೆಗೆ ಒಂದು ಸಲಕ್ಕೆ. ಇಷ್ಟರಲ್ಲಿ ಸಾರಜನಕ, ರಂಜಕ ಬಹಳ ಕಡಿಮೆ. ಇದು ಮಣ್ಣಿನ ಜೀವಾಣುಗಳನ್ನು ಎಬ್ಬಿಸುತ್ತದೆ; ಅವಕ್ಕೆ ತಿನ್ನಲು ಕೊಳೆಯುವ ಕಸಕಡ್ಡಿ ಬೇಕು. ಎಕರೆಗೆ 2ರಿಂದ 3 ಟನ್ ಕಳಿತ ಗೊಬ್ಬರ ಹಾಕಿ, ತೊಗರಿಯ ಹೊಟ್ಟು, ಎಲೆ ಸುಡದೆ ಮಣ್ಣಿಗೆ ಸೇರಿಸಿ. 2009ರಲ್ಲಿ ಆರಂಭವಾದ ರಾಜ್ಯ ಸರ್ಕಾರದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ ರಾಜ್ಯದ ಒಣಬೇಸಾಯದ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿ ಕಂಡಿತು. ಮಣ್ಣಿನಲ್ಲಿ ಸತುವೇ ಇಲ್ಲದಿದ್ದರೆ ಜೀವಾಮೃತ ಅದನ್ನು ಹುಟ್ಟಿಸಲಾರದು. ಮಣ್ಣು ಪರೀಕ್ಷೆ ಮಾಡಿಸಿ, ಕೊರತೆ ಬಂದರೆ ಎಕರೆಗೆ 6 ಕೆ.ಜಿ. ಸತುವಿನ ಸಲ್ಫೇಟ್ ಕೊಡಿ. ಸಾವಯವದ ಮೇಲಿನ ಪ್ರೀತಿಯಿಂದ ಬೆಳೆಯನ್ನು ಹಸಿವಿಗೆ ಬಿಡುವುದು ಬೇಡ.

ಬಿತ್ತಾಕ ಇಟ್ಟ ತೊಗರಿಗಿ ಹುಳ ಬೀಳತದ. ಸಂಘದಾಗ ಬೀಜ ಇಡಬೇಕಂತ ಮಾಡೀವಿ. (ಔರಾದ್ ತಾಲ್ಲೂಕು)

ಕಾಳು ಕುಟ್ಟುವ ದುಂಬಿ ಹೊಲದಲ್ಲೇ ಕಾಯಿಯ ಮೇಲೆ ತತ್ತಿಯಿಟ್ಟಿರುತ್ತದೆ. ನಾವೇ ಅದನ್ನು ಮನೆಗೆ ಹೊತ್ತು ತರುತ್ತೇವೆ. ಬೀಜದ ಕೆಲಸ ಕೊಯ್ಲಿಗೆ ಮೊದಲೇ ಶುರುವಾಗಲಿ. ಹೊಲದ ನಡುವಿನ, ರೋಗವಿಲ್ಲದ, ಕಾಯಿ ಗೊಂಚಲು ತುಂಬಿದ ಗಿಡಗಳಿಗೆ ಬಣ್ಣದ ದಾರ ಕಟ್ಟಿ. ತೊಗರಿಯಲ್ಲಿ ಜೇನಿನಿಂದ ಪರಾಗ ಬೆರೆಯುವುದುಂಟು, ಆದ್ದರಿಂದ ಬದುವಿನ ಪಕ್ಕದ್ದು ಬೇಡ. ಮೂರು ವರ್ಷಕ್ಕೊಮ್ಮೆ ಹೊಸ ಬೀಜ ತಂದು ಬೆಳೆಸಿ.

ಒಣಗಿಸಿದ ಕಾಳು ಹಲ್ಲಿಗೆ ಕಟಕ್ಕೆಂದು ಒಡೆಯಬೇಕು, ತಗ್ಗು ಬೀಳಬಾರದು. ಆರಿದ ಮೇಲೆಯೇ ತುಂಬಿ. ಬಿಸಿ ಕಾಳು ಡಬ್ಬಿಯಲ್ಲಿ ಬೆವರುತ್ತದೆ. ಬೀಜಕ್ಕೆ ಕೆ.ಜಿ.ಗೆ 5 ಮಿ.ಲೀ. ಬೇವಿನೆಣ್ಣೆ ಹಚ್ಚಿ, ಉಣ್ಣುವ ಕಾಳಿಗಾದರೆ ಔಡಲೆಣ್ಣೆ. ಗಾಳಿಯಾಡದ ಡಬ್ಬಿಗೆ ಬಾಯಿತನಕ ತುಂಬಿ, ಮೇಲೆ ಎರಡು ಬೆರಳು ದಪ್ಪ ಒಣ ಬೂದಿ ಅಥವಾ ಮರಳು ಹಾಸಿ ಮುಚ್ಚಿ. ಅರ್ಧ ಖಾಲಿ ಡಬ್ಬಿಯಲ್ಲಿ ಉಳಿದ ಗಾಳಿಯೇ ಹುಳ ಬದುಕಲು ಸಾಕು. ಮೇ ತಿಂಗಳಲ್ಲಿ 100 ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸಿ. 75ಕ್ಕಿಂತ ಕಡಿಮೆಯಿದ್ದರೆ ಹಂಚಬೇಡಿ.

ಸಂಘದ ಲೆಕ್ಕಕ್ಕೆ ಒಂದು ಪುಸ್ತಕ ಸಾಕು: ತಳಿ, ಯಾರ ಹೊಲದ್ದು, ಯಾವ ವರ್ಷ, ಒಯ್ದದ್ದು, ಮರಳಿದ್ದು. ನಿಮ್ಮ ಗಡಿಯಾಚೆ ಜಹೀರಾಬಾದ್ ಸೀಮೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ದಶಕಗಳಿಂದ ಹೀಗೆ ಬೀಜ ಕಾಯುತ್ತಿವೆ. 2019ರಲ್ಲಿ ಆ ಸಂಸ್ಥೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ (ಯುಎನ್‌ಡಿಪಿ) ಈಕ್ವೇಟರ್ ಪ್ರಶಸ್ತಿ ಬಂತು.

ದುಡಿಯೋದು ನಾನು, ಪಹಣಿ ತೀರಿಹೋದ ಯಜಮಾನರ ಹೆಸರಲೇ ಅದ. ಬೆಳಿವಿಮಾ, ಸಬ್ಸಿಡಿ ಏನೂ ಸಿಗವಲ್ದು. (ಶಹಾಪುರ ತಾಲ್ಲೂಕು)

ನಾಡಕಚೇರಿಯಲ್ಲಿ ಪೌತಿ ಖಾತೆಗೆ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದಕ್ಕೆ) ಅರ್ಜಿ ಹಾಕಿ. ಬೇಕಾಗುವುದು ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲ ವಾರಸುದಾರರ ಆಧಾರ್, ಈಗಿನ ಪಹಣಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಗಂಡನ ಪಾಲಿನಲ್ಲಿ ಹೆಂಡತಿ, ಮಕ್ಕಳು, ಅವನ ತಾಯಿ ಎಲ್ಲರಿಗೂ ಸಮ ಹಕ್ಕು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಿಸುವ ಒತ್ತಡ ಬರುತ್ತದೆ, ಒಪ್ಪಬೇಡಿ. ಮಗಳಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಸಮಪಾಲು ಎಂಬುದನ್ನು 2005ರ ತಿದ್ದುಪಡಿ ಹೇಳಿತು, 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಬಿಟ್ಟುಹೋದ ಹೆಸರು ಮುಂದೆ ದಾವೆಯಾಗಿ ನಿಮ್ಮ ಖಾತೆಯನ್ನೇ ತಡೆಯುತ್ತದೆ.

ಹೊಸ ಪಹಣಿ ಬಂದಾಗ 9ನೇ ಕಾಲಂನಲ್ಲಿ ನಿಮ್ಮ ಹೆಸರು, 11ರಲ್ಲಿ ಸಾಲದ ಬೋಜಾ, 12ರಲ್ಲಿ ಬೆಳೆ, ಮೂರನ್ನೂ ಓದಿಸಿ ನೋಡಿ. ಆಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಸಂಖ್ಯೆ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಮಾಡಿಸಿ. ಬ್ಯಾಂಕ್ ಖಾತೆ ನಿಮ್ಮದೇ ಇರಲಿ. ಬೆಳೆ ವಿಮೆಯಲ್ಲಿ ರೈತರ ಪಾಲು ಮುಂಗಾರಿನ ಆಹಾರ, ಎಣ್ಣೆಕಾಳಿಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ಹತ್ತಿಯಂಥ ವಾಣಿಜ್ಯ ಬೆಳೆಗೆ ಶೇ 5. ಹೊಲ ಮುಳುಗಿದರೆ 72 ಗಂಟೆಯೊಳಗೆ 14447ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ವಿಮೆ ತಿರಸ್ಕೃತವಾಗಲು ಒಂದು ದೊಡ್ಡ ಕಾರಣ, ವಿಮೆ ಕಟ್ಟಿದ ಬೆಳೆ ಒಂದು, ಬೆಳೆ ಸಮೀಕ್ಷೆಯಲ್ಲಿ ದಾಖಲಾದದ್ದು ಇನ್ನೊಂದು ಆಗಿರುವುದು. ಸಮೀಕ್ಷೆಯವರು ಬಂದಾಗ ಹೊಲದಲ್ಲಿ ನೀವೇ ನಿಲ್ಲಿ. ಮಿಶ್ರ ಬೆಳೆಯಿದ್ದರೆ ಎರಡೂ ಬೆಳೆ ಬರೆಸಿ.

ಹತ್ತಿಗಿ ಔಷಧ ಹೊಡದ ಮರುದಿನನೇ ಕಸ ತೆಗಿಲಾಕ ಕರೀತಾರ. ಹೋಗಬಹುದೇನು? (ಸುರಪುರ ತಾಲ್ಲೂಕು)

ಹೋಗಬೇಡಿ. ಕನಿಷ್ಠ 48 ಗಂಟೆ ಬಿಡಬೇಕು. ಬಾಟಲಿಯ ಮೇಲೆ ಇನ್ನೂ ಹೆಚ್ಚು ದಿನ ಬರೆದಿದ್ದರೆ ಅಷ್ಟು ದಿನ. ಬೆಳಗಿನ ಇಬ್ಬನಿಯಲ್ಲಿ ಎಲೆಯ ಮೇಲಿನ ವಿಷ ಮತ್ತೆ ಕರಗಿ ಸೀರೆಗೆ, ಚರ್ಮಕ್ಕೆ ಹತ್ತುತ್ತದೆ. ಬಸುರಿಯರು, ಹಾಲೂಡಿಸುವವರು ಸಿಂಪಡಿಸಿದ ಹೊಲಕ್ಕೆ ಹೋಗಲೇಬಾರದು, ಔಷಧ ಕಲಸಲು ನೀರೂ ಹೊರಬಾರದು. ಆ ಬಟ್ಟೆ ಮಕ್ಕಳ ಬಟ್ಟೆಯ ಜೊತೆ ಒಗೆಯಬೇಡಿ. ಕೂಲಿಗೆ ಹೋಗುವ ಹೆಣ್ಣುಮಕ್ಕಳು ಒಟ್ಟಾಗಿ ಈ ಷರತ್ತು ಹಾಕಿದರೆ ಮಾತ್ರ ಹೊಲದವರು ಕೇಳುತ್ತಾರೆ; ಒಬ್ಬರೇ ಹೇಳಿದರೆ ಮರುದಿನ ಬೇರೆಯವರನ್ನು ಕರೆಯುತ್ತಾರೆ.

ಸೈಕಲ್ ಎಡೆಕುಂಟಿ ತಂದೀವಿ, ಎರಿ ಹೊಲದಾಗ ಓಡಂಗಿಲ್ಲ. (ಸೇಡಂ ತಾಲ್ಲೂಕು)

ಹದ ನೋಡಿ ಹೊಡೆಯಿರಿ: ಮಣ್ಣು ಕೈಯಲ್ಲಿ ಪುಡಿಯಾಗಬೇಕು, ಅಂಟಬಾರದು. ಎರೆಯಲ್ಲಿ ಈ ಹದ ಮಳೆ ನಿಂತ ನಂತರ ಕೆಲವೇ ದಿನ ಇರುತ್ತದೆ. ಬಿತ್ತಿದ 20ನೇ ದಿನ ಮೊದಲ ಸಲ, 40ನೇ ದಿನ ಎರಡನೇ ಸಲ. ಕಸ ನಾಲ್ಕು ಬೆರಳಿಗಿಂತ ಎತ್ತರವಾದರೆ ಕುಂಟೆ ಸುತ್ತಿಕೊಂಡು ನಿಲ್ಲುತ್ತದೆ. ಅಲಗು 6 ಇಂಚಿಗಿಂತ ಅಗಲವಿದ್ದರೆ ಕಡಿಮೆ ಮಾಡಿಸಿ, ದಿನಾ ಅರದಿಂದ ಮಸೆಯಿರಿ. ಹಿಡಿಕೆಯ ಬೋಲ್ಟ್ ಸಡಿಲಿಸಿ ನಿಮ್ಮ ಸೊಂಟದ ಎತ್ತರಕ್ಕೆ ತನ್ನಿ; ಅಂಗಡಿಯಿಂದ ಬರುವಾಗ ಅದು ಗಂಡಸರ ಎತ್ತರಕ್ಕೆ ಕೂರಿಸಿರುತ್ತದೆ, ಹಾಗೇ ತಳ್ಳಿದರೆ ಹೆಗಲು ನೋಯುತ್ತದೆ.